ಮೂರನೆಯ ಸೀಟಿ

ಆನೆಕೊಂಡ, ದಾವಣಗೆರೆ
12-1-2025, ಭಾನುವಾರ

ಚಿರಂಜೀವಿ ತಮ್ಮ ಉಜ್ಜನಪ್ಪನಿಗೆ, ಅಕ್ಕ ಉಡಚಮ್ಮ ಮಾಡುವ ಆಶೀರ್ವಾದಗಳು.

ಕಣ್ಣು ಹೇಗಿದೆ? ಪೊರೆ ತೆಗೆಸಿ ಇಪ್ಪತ್ತು ದಿನವಾಯಿತಂತೆ. ಒಡಹುಟ್ಟಿದ ತಮ್ಮನ ಆಪರೇಷನ್ ಸುದ್ದಿ ನನಗೆ ನಿಮ್ಮ ಓಣಿಯ ವ್ಯಾನ್ ಡ್ರೈವರ್ ಹಮ್ಜಾನ ಬಾಯಿಂದ ತಿಳಿಯಬೇಕಾಯಿತು. ಇರಲಿ. ಹನಿ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಬಿಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಹುಲಿಗೆಮ್ಮ ಸೀಸೆ ಹಿಡಿದು ನಿನ್ನ ಹಿಂದೆ ಹಿಂದೆ ಓಡಾಡಬೇಕೋ? ಒಲೆಯ ಮುಂದೆ ಕೂರಬೇಡ, ಬಗ್ಗಿ ಬಿಂದಿಗೆ ಎತ್ತಬೇಡ. ನಿನ್ನ ಹೆಂಡತಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ ಎಂದು ಬರೆ. ನನ್ನ ಆರೋಗ್ಯ ಕೇಳುವವನು ನೀನಲ್ಲ, ಆದರೂ ಹೇಳುತ್ತೇನೆ: ಎಡ ಮೊಣಕಾಲು ಬಿಟ್ಟರೆ ಮಿಕ್ಕಿದ್ದೆಲ್ಲ ನನ್ನ ಮಾತು ಕೇಳುತ್ತಿದೆ.

ಏಳು ವರ್ಷದಿಂದ ಮಾತು ಬಿಟ್ಟ ಅಕ್ಕ ಈಗ ಯಾಕೆ ಕಾಗದ ಬರೆದಳು ಎಂದು ನೀನು ಮೀಸೆ ತಿರುವುತ್ತಿರಬಹುದು. ತಿರುವಿಕೋ. ಹರಿಹರಕ್ಕೂ ಆನೆಕೊಂಡಕ್ಕೂ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಷ್ಟು ದಾರಿಯನ್ನು ನಾವಿಬ್ಬರೂ ಸೇರಿ ಏಳು ವರ್ಷದ ದಾರಿ ಮಾಡಿದೆವು. ಅವ್ವನ ಹನ್ನೊಂದನೆಯ ದಿನ, ಬೀಗರೆಲ್ಲ ಊಟಕ್ಕೆ ಕೂತಿದ್ದಾಗ, "ಅಕ್ಕಾ, ಅವ್ವನ ಪೆಟ್ಟಿಗಿ ಬಿಚ್ಚಿದಾಕಿ ನೀನು. ಅಪ್ಪನ ಸೀಟಿ ಎಲ್ಲೈತೆ? ಕೊಟ್ಟುಬಿಡು" ಅಂತ ನೀನು ಕೇಳಿದ ಧಾಟಿಯನ್ನು ನಾನು ಮರೆತಿಲ್ಲ. ನಾನು ಆ ಪೆಟ್ಟಿಗೆಯನ್ನು ಅಂಗಳಕ್ಕೆ ತರಿಸಿ ಎಲ್ಲರ ಮುಂದೆ ಮಗುಚಿ ಹಾಕಿದೆ. "ನೋಡ್ಕೊ, ಪೆಟ್ಟಿಗ್ಯಾಗ ಇಲ್ಲ" ಅಂದೆ. ನೀನು ಬಡಿಸಿದ ಎಲೆ ಬಿಟ್ಟು ಎದ್ದು ಹೋದೆ. ಆಮೇಲೆ ನೀನು ಬರಲಿಲ್ಲ, ನಾನು ಕರೆಯಲಿಲ್ಲ. ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಈ ಕಾಗದ ಬರೆಯುತ್ತಿರುವುದು ಗೆದ್ದು ಕೂತವಳು, ಅತ್ತು ಕರೆಯುವವಳಲ್ಲ.

ಗೆದ್ದದ್ದು ಏನು ಎಂದು ಹೇಳುತ್ತೇನೆ ಕೇಳು. ನನ್ನ ಮೊಮ್ಮಗಳು ದುರ್ಗಾ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಳೆ. ಮನೆಯವರೆಲ್ಲ ಹೊಳೆದಂಡೆಯಲ್ಲಿ ಡೇರೆ ಹಾಕಿ ಒಂದು ರಾತ್ರಿ ಇರಬೇಕು ಎಂದು ದಸರೆಯಿಂದಲೂ ಅವಳ ಹಟ. ಇದಕ್ಕೆ ಕ್ಯಾಂಪಿಂಗ್ ಅನ್ನುತ್ತಾರಂತೆ. ನೀನೂ ನಾನೂ ಹುಟ್ಟಿದಾಗಿನಿಂದ ಮಾಡಿದ್ದು ಅದನ್ನೇ, ಹೆಸರು ಗೊತ್ತಿರಲಿಲ್ಲ ಅಷ್ಟೇ. ಅವಳೂ ಅವಳ ಅಪ್ಪ ಪರಶುರಾಮನೂ ಫೋನಿನಲ್ಲಿ ಹುಡುಕಿ ಹುಡುಕಿ ಕೊನೆಗೆ ಆರಿಸಿದ ಜಾಗ ಯಾವುದು ಗೊತ್ತೇ? ನಮ್ಮ ಡ್ಯಾಂ. ಅಪ್ಪ ನೀರು ಬಿಡುವ ಸೌಡಿಯಾಗಿ ಮೂವತ್ತೊಂದು ವರ್ಷ ಗೇಟು ಎತ್ತಿ ಇಳಿಸಿದ ಡ್ಯಾಂ. ಅದರ ಶೆಡ್ಡಿನಲ್ಲಿ ನಾವಿಬ್ಬರೂ ಹುಟ್ಟಿದೆವೆಂಬುದು ನನ್ನ ಮಗನಿಗೆ ನೆನಪೇ ಇರಲಿಲ್ಲ. ಇದೇ ಇಪ್ಪತ್ತೈದು ಶನಿವಾರ ಹೋಗಿ, ಇಪ್ಪತ್ತಾರರ ಬೆಳಿಗ್ಗೆ ಅಲ್ಲೇ ಬಾವುಟ ಕಟ್ಟಿ, ಊಟ ಮಾಡಿ ಬರುವುದು ಎಂದು ಗೊತ್ತು ಮಾಡಿದರು. ಗೊತ್ತು ಮಾಡಿ, ಪಟ್ಟಿಯಲ್ಲಿ ನನ್ನ ಹೆಸರು ಬಿಟ್ಟರು. "ನಿನಗ್ಯಾಕವ್ವ ಈ ಉಸಾಬರಿ? ನೆಲದ ಮ್ಯಾಲೆ ಹೆಂಗೆ ಮಲಗ್ತಿ? ಮನ್ಯಾಗ ಟಿವಿ ನೋಡ್ಕೊಂತ ಆರಾಮಿರು" ಅಂದ ಮಗ. ಸೊಸೆ ಶೋಭಾರಾಣಿ ಸಾರು ತಿರುವುತ್ತಾ ನಕ್ಕಳು. ಹೋದ ಭಾನುವಾರ ಜಾಗ ನೋಡಿಕೊಂಡು ಬರಲು ಹಮ್ಜಾನ ವ್ಯಾನ್ ಬಂತು ನೋಡು, ಇವರು ಚಪ್ಪಲಿ ಹುಡುಕುವಷ್ಟರಲ್ಲಿ ನಾನು ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಇಳಿಸುವ ಧೈರ್ಯ ಯಾರಿಗಿದೆ?

ನಮ್ಮ ಡ್ಯಾಂ ನೋಡಿದೆನಪ್ಪ. ಐವತ್ತು ವರ್ಷದ ಮೇಲೆ ನೋಡಿದೆ. ಗೇಟುಗಳಿಗೆ ಹೊಸ ಬಣ್ಣ ಬಂದಿದೆ, ಮೋಟರು ಬಂದಿದೆ, ಸೈರನ್ ಬಂದಿದೆ. ಅಪ್ಪ ತಿರುವುತ್ತಿದ್ದ ಆ ದೊಡ್ಡ ಚಕ್ರ ಮೂಲೆಯಲ್ಲಿ ತುಕ್ಕು ಹಿಡಿದು ಕೂತಿದೆ. ನಮ್ಮವರು ಮಾತ್ರ ಗೇಟಿನ ಕೆಳಗೆ, ಹೊಳೆಯ ನಡುವೆ ಬಿದ್ದ ಬಿಳಿ ಮರಳ ದಿಣ್ಣೆ ನೋಡಿ ಮರುಳಾದರು. ಮೊಣಕಾಲುದ್ದ ನೀರು ದಾಟಿದರೆ ಆಯಿತು, ಹಾಸಿಗೆಯಂಥ ಮರಳು. ನದಿಗೆ ಇಳಿಯಬಾರದು ಎಂಬ ಬೋರ್ಡು ಎದುರಿಗೇ ಇತ್ತು. ಅದಕ್ಕೆ ಬೆನ್ನು ಕೊಟ್ಟು ನಿಂತು ಪರಶುರಾಮ ಫೋಟೋ ತೆಗೆದ. ನಾನು ದಡದಲ್ಲೇ ನಿಂತು, "ಲೇ, ಅಲ್ಲಿ ಬ್ಯಾಡ" ಅಂದೆ. "ಅವ್ವಾ, ಯೂಟ್ಯೂಬಿನಾಗ ಎಲ್ಲರೂ ಇಲ್ಲೇ ಡೇರೆ ಹಾಕ್ಯಾರ" ಅಂದ. ಅಪ್ಪನ ಮಾತು ನಿನಗೆ ನೆನಪಿದೆಯೇ? "ಮರಳು ನೋಡಬ್ಯಾಡ್ರಿ, ಜಾಲಿ ನೋಡ್ರಿ. ಕಸ ಎಲ್ಲಿಮಟ ತೂಗ್ಯಾಡ್ತೈತೋ ಅಲ್ಲಿಮಟ ನೀರಿನ ಮನಿ." ದಿಣ್ಣೆಯ ಮೇಲಿನ ಜಾಲಿಗಿಡದಲ್ಲಿ ಹುಲ್ಲು, ಪ್ಲಾಸ್ಟಿಕ್ಕು, ಹರಕು ಬಟ್ಟೆ ನನ್ನ ಎದೆಮಟ್ಟಕ್ಕೆ ತೂಗುತ್ತಿದ್ದವು. ಹುಲ್ಲು ಇನ್ನೂ ಹಸಿ.

ದುರ್ಗಾ ತಂದಿದ್ದ ಕೇಸರಿ ಡೇರೆಯನ್ನು ಪರೀಕ್ಷೆಗೆಂದು ಅಲ್ಲೇ ನಿಲ್ಲಿಸಿದಳು. ಅವಳಪ್ಪ ಗೂಟ ಬಡಿದ, ಶೋಭಾರಾಣಿ ಒಳಗೆ ಹೊಕ್ಕು ಕೂತು ನೋಡಿದಳು. ದಡದ ಮೇಲೆ ವ್ಯಾನಿನಲ್ಲಿ ಹಮ್ಜಾ ಹಾಡು ಹಾಕಿದ್ದ, ಗಾಳಿ ನಮ್ಮಿಂದ ಡ್ಯಾಮಿನ ಕಡೆಗೆ ಬೀಸುತ್ತಿತ್ತು. ಸೈರನ್ ಆಗಿತ್ತಂತೆ, ಆಮೇಲೆ ತಿಳಿಯಿತು. ನಮ್ಮಲ್ಲಿ ಒಬ್ಬರಿಗೂ ಕೇಳಲಿಲ್ಲ. ನಾನು ಕಂಡದ್ದು ಬೆಳ್ಳಕ್ಕಿಗಳನ್ನು. ಗೇಟಿನ ಬುಡದಲ್ಲಿದ್ದ ಬೆಳ್ಳಕ್ಕಿಗಳು ಒಮ್ಮೆಲೇ, ಒಂದೂ ಉಳಿಯದೆ ಎದ್ದವು. ಅಷ್ಟು ಸಾಕಾಯಿತು ನನಗೆ. ಗೇಟಿನಿಂದ ಆ ದಿಣ್ಣೆಗೆ ನೀರು ಬರಲು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ನಾನು ಎಚ್ಚರಿಸಿದ ಸದ್ದಿಗೆ ಆಚೆ ದಡದ ದನಗಳು ಕೂಡ ತಲೆ ಎತ್ತಿದವು. ದುರ್ಗಾ ತಿರುಗಿ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ, ತನ್ನ ಅವ್ವನ ರಟ್ಟೆ ಹಿಡಿದು ಎಳೆದುಕೊಂಡು ಓಡಿದಳು. ಗೂಟ ಕೀಳಲು ಬಗ್ಗಿದ ಪರಶುರಾಮನಿಗೆ ನಾನು ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಮೂವರೂ ದಡ ಹತ್ತಿ ತಿರುಗುವುದಕ್ಕೂ ಕೆಂಪು ನೀರು ದಿಣ್ಣೆಯ ಮೇಲೆ ಹಾಯುವುದಕ್ಕೂ ಸರಿಹೋಯಿತು. ಡೇರೆ ಒಂದು ಸುತ್ತು ತಿರುಗಿ, ಮದುಮಗಳ ಹಾಗೆ ಮೆಲ್ಲಗೆ ಹೊರಟು ಹೋಯಿತು. ಅವತ್ತು ಹರಿಹರದ ಸೇತುವೆಯ ಕೆಳಗೆ ಕೇಸರಿ ಬಣ್ಣದ್ದೇನಾದರೂ ತೇಲಿಹೋಗಿದ್ದರೆ ಅದು ನಮ್ಮದೇ ಎಂದು ತಿಳಿ. ನನ್ನ ಮಗ ಡೇರೆ ಕಣ್ಮರೆಯಾಗುವವರೆಗೂ ದಡದಲ್ಲೇ ಕೂತು ನೋಡಿದ. ಆಮೇಲೆ ನನ್ನ ಕಾಲು ಹಿಡಿದು, "ಇನ್ನ ನೀ ಹೇಳಿದಂಗ ಅವ್ವ" ಅಂದ. ಐವತ್ತು ತುಂಬುವ ಗಂಡಸು.

ಅವತ್ತಿನಿಂದ ಈ ಕ್ಯಾಂಪಿಂಗಿಗೆ ಯಜಮಾನಿ ನಾನು. ಮೊದಲ ಕೆಲಸವಾಗಿ ನೀರಾವರಿ ಕಚೇರಿಗೆ ಹೋದೆ. ಪರಶುರಾಮ ಬರೆದ ಅರ್ಜಿಯನ್ನು ಹರಿದು ಹಾಕಿ, ನಾನೇ ಕೂತು ಒಂದೂ ತಪ್ಪಿಲ್ಲದೆ ಬರೆದೆ. ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡಕ್ಕೆ ಶಾಲೆಗೇ ಮೊದಲು ಬಂದವಳು ಯಾರು ಎಂದು ನಿನಗೆ ಗೊತ್ತಿದೆ. ಗುಮಾಸ್ತ ಓದಿ, "ಅಮ್ಮಾರೆ, ಅದು ಪಿಕ್ನಿಕ್ ಮಾಡೋ ಜಾಗ ಅಲ್ರಿ" ಅಂದ. "ಪಿಕ್ನಿಕ್ ನಿಮಗಪ್ಪ. ನನಗದು ತವರುಮನಿ" ಅಂದೆ. ಒಳಗಿದ್ದ ಎಂಜಿನಿಯರ್ ಹುಡುಗಿ ಹೊರಗೆ ಬಂದು, "ಕೂಡ್ರಿ ಅಜ್ಜಿ" ಎಂದು ಕುರ್ಚಿ ಕೊಟ್ಟಳು. ಅಪ್ಪನ ಹೆಸರು ಹೇಳಿದೆ. ಹಳೆಯ ರಿಜಿಸ್ಟರ್ ತರಿಸಿ ನೋಡಿದಳು, ಅದರಲ್ಲಿ ಅಪ್ಪನ ಹೆಬ್ಬೆಟ್ಟು ಸಿಕ್ಕಿತು ಉಜ್ಜನಪ್ಪ, ಮಸಿ ಇನ್ನೂ ನೀಲಿಯಾಗಿಯೇ ಇದೆ. ಹಳೇ ಶೆಡ್ಡುಗಳಿದ್ದ ಎತ್ತರದ ಬಯಲಿನಲ್ಲಿ ಒಂದು ರಾತ್ರಿ ಇರಲು ಸೀಲು ಹಾಕಿ ಕಾಗದ ಕೊಟ್ಟಳು. ಜವಾಬ್ದಾರಿ ಹೊತ್ತವರ ಹೆಸರು ಎಂಬ ಕಡೆ ಉಡಚಮ್ಮ ಎಂದಿದೆ. ಅದನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಲೇ ಎಂದು ಸೊಸೆಯನ್ನು ಕೇಳಿದೆ. ಈ ಸಲ ಅವಳು ನಗಲಿಲ್ಲ.

ನಮ್ಮ ಶೆಡ್ಡಿನ ಗೋಡೆ ಹೋಗಿದೆ, ತಳಪಾಯದ ಕಲ್ಲು ಇದೆ. ಬೇವಿನ ಮರ ಇದೆ, ನೀನು ಬಿದ್ದು ಮುಂಗೈ ಮುರಿದುಕೊಂಡ ಕೊಂಬೆ ಇಲ್ಲ. ಎರಡು ಹೊಸ ಡೇರೆ ತರಿಸಿದ್ದೇನೆ, ಅವ್ವನ ಅಡುಗೆಮನೆ ಇದ್ದ ಕಡೆ ಒಂದು, ಪಡಸಾಲೆ ಇದ್ದ ಕಡೆ ಒಂದು. ನನಗೆ ಮಡಚುವ ಮಂಚ. ಪೊಟ್ಟಣ ಬಿಚ್ಚಿ ಕುದಿಸುವ ನೂಡಲ್ಸ್ ಎಂದು ದುರ್ಗಾ ಬರೆದಿದ್ದ ಪಟ್ಟಿಯನ್ನು ಹೊಡೆದುಹಾಕಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಬುತ್ತಿ ಎಂದು ಬರೆದೆ. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಹೊಳೆಗೆ ದೇವರನ್ನು ಕರೆದೊಯ್ಯುವಾಗ ಮೂರು ಕಲ್ಲಿಟ್ಟು ನೂರು ಜನಕ್ಕೆ ಬೇಯಿಸಿದ ಕೈ ಇದು. ಇವರು ನನಗೆ ಗ್ಯಾಸ್ ಒಲೆ ಹಚ್ಚುವುದು ಕಲಿಸಲು ಬರುತ್ತಾರೆ.

ಒಂದೇ ಒಂದು ಕೆಲಸ ಬಾಕಿ. ಗೇಟಿನ ಕೆಳಗೆ ಅಪ್ಪ ನಡೆಯುತ್ತಿದ್ದ ಕಾಲುದಾರಿಯನ್ನು ಈ ಮಕ್ಕಳಿಗೆ ತೋರಿಸಬೇಕು. ನೀರು ಬಿಡುವ ಮುಂಚೆ ಅಪ್ಪ ಮೈಲಿಯುದ್ದ ಸೀಟಿ ಊದುತ್ತಾ ಹೋಗುತ್ತಿದ್ದುದು ಅದರಲ್ಲೇ. ಮೊದಲ ಸೀಟಿಗೆ ಮಕ್ಕಳು ದಡ ಹತ್ತಬೇಕು, ಎರಡನೆಯದಕ್ಕೆ ಬಟ್ಟೆ ಒಗೆಯುವವರು, ಮೂರನೆಯದಕ್ಕೆ ದನ ಹೊಡೆದುಕೊಂಡು ದನಗಾಹಿಗಳು. ನಾಲ್ಕನೆಯದು ಇರಲಿಲ್ಲ. ನೀನು ಮಗುವಾಗಿದ್ದರೂ ಯಾವತ್ತೂ ಮೂರನೆಯದಕ್ಕೇ ಬರುತ್ತಿದ್ದೆ, ಚಡ್ಡಿ ಕೈಯಲ್ಲಿ ಹಿಡಿದು, ದನಗಳ ಜೊತೆ. ಈಗ ಆ ದಾರಿಗೆ ನನ್ನ ಮೊಣಕಾಲು ಇಳಿಯುವುದಿಲ್ಲ, ಅದನ್ನು ಬಲ್ಲವನು ಇನ್ನು ನೀನೊಬ್ಬನೇ. ಆದ್ದರಿಂದ ಅರ್ಜಿಯಲ್ಲಿ ನಿನ್ನ ಹೆಸರು, ಹುಲಿಗೆಮ್ಮನ ಹೆಸರು ಎರಡನ್ನೂ ಸೇರಿಸಿದ್ದೇನೆ. ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನೀನು ಬಾರದಿದ್ದರೆ ನಾನು ಸರ್ಕಾರಕ್ಕೆ ಸುಳ್ಳು ಬರೆದುಕೊಟ್ಟ ಹಾಗಾಗುತ್ತದೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಾ.

ಸಂಕ್ರಾಂತಿಯ ಎಳ್ಳು ಬೆಲ್ಲ ಹಮ್ಜಾನ ಕೈಯಲ್ಲಿ ಕೊಟ್ಟಿದ್ದೇನೆ. ಹುಲಿಗೆಮ್ಮ ಒಂದೇ ಚಿಟಿಕೆ ಬಾಯಿಗೆ ಹಾಕಿಕೊಳ್ಳಲಿ, ಮಿಕ್ಕಿದ್ದು ನಿನಗೆ. ಹರಿಹರೇಶ್ವರ ನಿಮ್ಮಿಬ್ಬರಿಗೂ ಕಣ್ಣು, ಕಾಲು, ಆಯುಸ್ಸು ಗಟ್ಟಿಯಾಗಿ ಕೊಡಲಿ.

ಇಂತಿ ನಿನ್ನ ಅಕ್ಕ,
ಉಡಚಮ್ಮ

ಮರೆತದ್ದು: ಹಮ್ಜಾ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವನ ಬಾಯಲ್ಲಿ ಕೇಳುವ ಮುಂಚೆ ನನ್ನ ಅಕ್ಷರದಲ್ಲಿ ಓದು. ಅವತ್ತು ದಡದಲ್ಲಿ ನಾನು ಎಚ್ಚರಿಸಿದ್ದು ಬಾಯಿಂದಲ್ಲ. ಅಷ್ಟು ದೂರ ಹೋಗುವ ಗಂಟಲು ಈಗ ನನಗಿಲ್ಲ. ಅಪ್ಪನ ಸೀಟಿಯಿಂದ. ಹನ್ನೊಂದನೆಯ ದಿನ ಅದು ಪೆಟ್ಟಿಗೆಯಲ್ಲಿ ಇರಲಿಲ್ಲ, ನಿಜ. ನನ್ನ ಸೊಂಟದ ಎಲೆಅಡಿಕೆ ಸಂಚಿಯಲ್ಲಿತ್ತು, ಏಳು ವರ್ಷವೂ ಅಲ್ಲೇ ಇತ್ತು. ನಾನು ಹತ್ತನೆಯ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ದಮ್ಮು ಜೋರಾಗಿ, ಆ ವರ್ಷವೆಲ್ಲ ದಂಡೆಯ ಮೇಲೆ ಊದಿದವಳು ನಾನು. ನೀನಾಗ ಚಿಕ್ಕವನು, ಅಪ್ಪನೇ ಊದುತ್ತಾನೆ ಅಂದುಕೊಂಡಿದ್ದೆ. ಅದಕ್ಕೇ ಕೊಡಲು ಮನಸ್ಸು ಬರಲಿಲ್ಲ. ಆದರೆ ನಿನ್ನನ್ನು ಬಡಿಸಿದ ಎಲೆಯಿಂದ ಏಳಿಸಿದ್ದು ನನ್ನ ತಪ್ಪು. ಈಗ ಎಳ್ಳು ಬೆಲ್ಲದ ಜೊತೆ ಕಟ್ಟಿ ಕಳಿಸೋಣವೆಂದು ಕೈಯಲ್ಲಿ ಹಿಡಿದೆ, ಆಗಲಿಲ್ಲ. ನೀನೇ ಬಂದು ನನ್ನ ಕೈಯಿಂದ ತೆಗೆದುಕೋ. ಶನಿವಾರ ಬೆಳಿಗ್ಗೆ ಏಳಕ್ಕೆ ವ್ಯಾನನ್ನು ನಿಮ್ಮ ಓಣಿಯ ತುದಿಯಲ್ಲಿ ನಿಲ್ಲಿಸಿ ಮೂರು ಸಲ ಊದುತ್ತೇನೆ. ಮೂರನೆಯದಕ್ಕೆ ಬಂದರೂ ಸಾಕು.