ಒಂದು ಗಂಟೆಯಲ್ಲಿ ನಲವತ್ತೇಳು ಸಲ

ಮಂಗಳವಾರ

ಅಣ್ಣಾ,

ನಿನ್ನ ಹಸಿರು ನೋಟ್‌ಬುಕ್ ಕೇಳದೆ ತಗೊಂಡು ಹೋಗ್ತಿದ್ದೀನಿ. ತಪ್ಪೇ. ಹುಡುಕಬೇಡ, ನನ್ನ ಚೀಲದಲ್ಲಿ ಭದ್ರವಾಗಿರುತ್ತೆ.

ಊಟ ನೀಲಿ ಡಬ್ಬಿಯಲ್ಲಿದೆ, ಒಂದು ಗಂಟೆಗೆ ಮಾಡು. ಒಗೆದ ಬಟ್ಟೆ ನೀನೇ ಒಣಹಾಕು. ನಾನು ಹಾಕಿದ್ದು ನಿನಗೆ ಎಂದೂ ಸರಿಹೋಗಿಲ್ಲ.

ಹೋದ ವಾರ ಆ ಕಚೇರಿಯಲ್ಲಿ ಹೆಸರು ಕರೆಯೋ ಮೈಕ್‌ನ ಕೂಗಾಟ ತಡೆಯಲಾರದೆ ಕಿವಿ ಮುಚ್ಚಿಕೊಂಡು ಹೊರಗೆ ಬಂದೆಯಲ್ಲ, ಅವರು "ಹಾಜರಿಲ್ಲ" ಅಂತ ಬರೆದು ನಿನ್ನ ಉದ್ಯೋಗ ತರಬೇತಿಯ ಅರ್ಜಿಯನ್ನೇ ಮುಚ್ಚಿದ್ದಾರೆ. ಕೇಳಿದ್ದಕ್ಕೆ ಗುಮಾಸ್ತರು, "ಆಟಿಸಂ ಇರೋದು ಮಕ್ಕಳಿಗಲ್ವೇನಮ್ಮ? ಇವರಿಗೆ ಮೂವತ್ತನಾಲ್ಕು!" ಅಂದರು.

ಒಂದು ಗಂಟೆಯಲ್ಲಿ ಮೈಕ್ ನಲವತ್ತೇಳು ಸಲ ಕೂಗಿತು ಅಂತ ನೀನು ಈ ನೋಟ್‌ಬುಕ್‌ನಲ್ಲಿ ನಿಮಿಷದ ಸಮೇತ ಬರೆದಿಟ್ಟಿದ್ದೀಯ. ಹಾಜರಿಲ್ಲದವನು ಅದನ್ನ ಹೇಗೆ ಎಣಿಸಿದ? ಆ ಪುಟ ಅಧಿಕಾರಿಯ ಮೇಜಿನ ಮೇಲೆ ಇಡ್ತೀನಿ. ಬೆಳಿಗ್ಗೆ ಮೈಕ್ ಹಾಕೋಕೆ ಮುಂಚೆ ನಿನ್ನನ್ನ ನೋಡ್ತೀವಿ ಅಂತ ಬರೆದುಕೊಡೋವರೆಗೂ ಕುರ್ಚಿ ಬಿಟ್ಟು ಏಳಲ್ಲ.

"ಬೇಗ ಬರ್ತೀನಿ" ಅಂದರೆ ನಿನಗಾಗಲ್ಲ, ಗೊತ್ತು. ಆರು ಗಂಟೆ ಹತ್ತು ನಿಮಿಷಕ್ಕೆ ಬರ್ತೀನಿ. ಮೊದಲೇ ಬಂದರೆ ಮೆಟ್ಟಿಲ ಮೇಲೆ ಕೂತಿರ್ತೀನಿ.

ಅವರು ಬರೆದುಕೊಡದಿದ್ದರೆ ನಾಳೆಯೂ ಇದೇ ಚೀಟಿ. ಮಂಗಳವಾರ ಹೊಡೆದುಹಾಕಿ ಬುಧವಾರ ಅಂತ ಬರ್ಕೋ.

ತಂಗಿ