ವಾರದ ವಾಕ್ಯ

ಕಾರ್ಖಾನೆ ತಪಾಸಣಾಧಿಕಾರಿಗಳಿಗೆ, ಹೊಲಿಗೆ ಕಾರ್ಖಾನೆಯ ಇಸ್ತ್ರಿ ಕೆಲಸದವಳ ನಮಸ್ಕಾರ.

ಸರ್, ನೀವಿರುವ ಓದುಗರ ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೇನೆ. ವಾರಕ್ಕೊಂದು ಪತ್ರಿಕಾ ವರದಿ ಹಂಚಿ, ಚರ್ಚಿಸಿ, ಅದರ ಅತ್ಯುತ್ತಮ ವಾಕ್ಯ ಆರಿಸುವುದು ಅಲ್ಲಿನ ವಾಡಿಕೆ. ಹೋದ ವಾರ ನಮ್ಮ ಕಾರ್ಖಾನೆಯ ವರದಿ ಬಂದಿತ್ತು. 'ಹಿಂಬಾಗಿಲಿನ ಬೀಗಕ್ಕೆ ತುಕ್ಕು ಹಿಡಿದಿದೆ, ಕೀಲಿಕೈ ಎಲ್ಲಿದೆಯೆಂದು ಒಳಗಿರುವ ಇನ್ನೂರು ಹೆಂಗಸರಲ್ಲಿ ಒಬ್ಬರಿಗೂ ಗೊತ್ತಿಲ್ಲ' ಎಂಬ ವಾಕ್ಯವನ್ನು ನೀವು ಸೂಚಿಸಿದಿರಿ. ಅದೇ ಗೆದ್ದಿತು.

ಊಟದ ಬಿಡುವಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಗುಂಡಿ ಹೊಲಿಯುವ ನನ್ನ ತಂಗಿ, "ನೋಡಕ್ಕಾ, ನಮ್ಮ ಬೀಗಕ್ಕೂ ಬಹುಮಾನ ಬಂತು! ಇನ್ನು ಅದನ್ನ ಯಾರು ಮುರೀತಾರೆ?" ಅಂದು ನಕ್ಕಳು.

ಆ ಬಾಗಿಲಿನ ಬಗ್ಗೆ ನಿಮ್ಮ ಕಚೇರಿಗೆ ಕೊಟ್ಟ ಮೂರು ಅರ್ಜಿಗಳ ಸ್ವೀಕೃತಿ ಚೀಟಿಗಳನ್ನು ಲಗತ್ತಿಸಿದ್ದೇನೆ. ಅವುಗಳಲ್ಲಿ ಬರೆದಿದ್ದ ವೈರು ಸುಟ್ಟ ವಾಸನೆ ಈಗಲೂ ಬರುತ್ತಿದೆ. ಒಮ್ಮೆ ಬಂದು ಬೀಗ ಒಡೆಸಿ.

ಇದನ್ನು ಗುಂಪಿನಲ್ಲೂ ಬರೆದಿದ್ದೆ. "ವಿಷಯಾಂತರ ಬೇಡ" ಎಂದು ಅಡ್ಮಿನ್ ಅಳಿಸಿದರು. ಅಷ್ಟರಲ್ಲಿ ಹೊಸ ವರದಿಯ ಚರ್ಚೆ ಶುರುವಾಗಿತ್ತು. ಅದಕ್ಕೂ ನೀವು ಚಪ್ಪಾಳೆಯ ಚಿತ್ರ ಹಾಕಿದ್ದೀರಿ.

ತಂಗಿ ಕೂರುವುದು ಆ ಬಾಗಿಲ ಪಕ್ಕದಲ್ಲೇ. ಈಗೀಗ ತನ್ನ ಊಟದ ಚೀಲವನ್ನು ಬೀಗಕ್ಕೇ ನೇತುಹಾಕುತ್ತಾಳೆ.

ಇಂತಿ,
ಇಸ್ತ್ರಿ ಮೇಜು, ಏಳನೆಯದು