ನಿಮ್ಮಪ್ಪನ ಹಸಿರು ಬೀರು

ಮನೆಯಿಂದ
ಭಾನುವಾರ, ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

‘ದಣಿದವರ ಬಾಯಲ್ಲಿ ನಿಜವೇ ಬರುತ್ತದೆ’ ಎಂದೋ, ‘ದಣಿದ ಬಾಯಿಗೆ ನಿಜವೊಂದೇ ಹಗುರ’ ಎಂದೋ ಒಂದು ಸಾಲನ್ನು ಎಂ.ಎ. ಓದುವಾಗ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡಿದ್ದೆ. ಯಾರದೆಂದು ನೆನಪಿಲ್ಲ. ಕಾಲೇಜಿನ ಗೋಡೆಪತ್ರಿಕೆಯಲ್ಲಿ ಯಾರೋ ಹುಡುಗ ಬರೆದದ್ದಿರಬೇಕು. ಆಗ ನನಗೆ ಇಪ್ಪತ್ತೆರಡು, ದಣಿವು ಎಂದರೇನು ಎಂದೇ ತಿಳಿಯದು, ಸಾಲು ಮಾತ್ರ ತುಂಬ ಹಿಡಿಸಿತ್ತು. ಇವತ್ತು ಬೆಳಿಗ್ಗೆಯಿಂದ ಅದು ತಲೆಯಲ್ಲಿ ಸುತ್ತುತ್ತಿದೆ, ಜೊತೆಗೆ ಅದರ ಮೇಲೆ ಅನುಮಾನವೂ ಬರುತ್ತಿದೆ. ಬರೆದವನು ದಿನಕ್ಕೆ ಎಂಟು ಗಂಟೆ ಪಠ್ಯಪುಸ್ತಕದ ಕರಡು ತಿದ್ದಿ ಮನೆಗೆ ಬಂದವನಂತೂ ಆಗಿರಲಾರ.

ನಿನ್ನ ಬೆನ್ನುನೋವು ಹೇಗಿದೆ? ಲ್ಯಾಬಿನಲ್ಲಿ ನಿಂತೇ ಕೆಲಸ ಮಾಡಬೇಡ, ಒಂದು ಸ್ಟೂಲ್ ಕೇಳಿ ಇಸಿದುಕೋ, ಕೇಳುವುದಕ್ಕೆ ಸಂಕೋಚವೇಕೆ. ಊಟ ಬಿಡಬೇಡ. ನಾನು ಚೆನ್ನಾಗಿದ್ದೇನೆ, ಕಣ್ಣು ಮಾತ್ರ ಸಂಜೆ ಹೊತ್ತಿಗೆ ಉರಿಯುತ್ತದೆ. ಶಾಲೆಗಳು ತೆರೆಯುವ ಮುಂಚೆ ಒಂಬತ್ತು ಪುಸ್ತಕ ಅಚ್ಚಿಗೆ ಹೋಗಬೇಕು, ಅದರಲ್ಲಿ ನಾಲ್ಕು ನನ್ನ ಮೇಜಿನ ಮೇಲೇ ಕೂತಿವೆ. ನಿಮ್ಮಪ್ಪನೂ ಚೆನ್ನಾಗಿದ್ದಾರೆ ಎಂದು ಪ್ರತಿ ಸಲ ಫೋನಿನಲ್ಲಿ ಹೇಳುತ್ತೇನಲ್ಲ, ಅದು ಪೂರ್ತಿ ಸರಿಯಲ್ಲ. ಫೋನಿನಲ್ಲಿ ಹೇಳಲು ಹೊರಟರೆ ಅವರು ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಈ ಕಾಗದ.

ಎರಡು ವರ್ಷದ ಹಿಂದೆ ಅವರಿಗೆ ಜ್ವರ ಬಂದಿತ್ತು, ನೆನಪಿದೆಯಲ್ಲ? ಜ್ವರ ಬಿಟ್ಟಿತು, ಹೋಗುವಾಗ ಮೂಗನ್ನು ತೆಗೆದುಕೊಂಡು ಹೋಯಿತು. ಅವರಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಗೊತ್ತಾಗುತ್ತದೆ, ಅಷ್ಟೇ. ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ಪೇಪರ್ ಓದುತ್ತಾ ಕೂತಿರುತ್ತಾರೆ. ಬೇರೆಯವರಾದರೆ ಹೇಗೋ ನಡೆದುಹೋಗುತ್ತಿತ್ತು. ಇಪ್ಪತ್ತಾರು ವರ್ಷ ಬ್ರೂವರಿಯಲ್ಲಿ ಬೀರು ಮಾಡಿದ ಮನುಷ್ಯ, ಮೂಗಿನಲ್ಲೇ ಅನ್ನ ದುಡಿದವರು. ಡಾಕ್ಟರು ಬರಬಹುದು, ಬರದೆಯೂ ಇರಬಹುದು ಎಂದರು. ‘ಯಾರಿಗೂ ಹೇಳಬೇಡ, ಗುಬ್ಬಿಗಂತೂ ಬೇಡವೇ ಬೇಡ’ ಎಂದು ನನ್ನಿಂದ ಮಾತು ತೆಗೆದುಕೊಂಡರು. ಅವತ್ತಿನಿಂದ ಅವರ ಮೂಗು ನಾನೇ. ಬ್ರೂವರಿಯಿಂದ ಬ್ಯಾಗಿನಲ್ಲಿ ಸಣ್ಣ ಬಾಟಲಿಗಳನ್ನು ತರುವುದು, ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಮೇಜಿನ ಮೇಲೆ ಲೋಟ ಜೋಡಿಸುವುದು, ‘ಏನನ್ನಿಸ್ತು ಹೇಳೇ’ ಎಂದು ಪೆನ್ನು ಹಿಡಿದು ಕೂರುವುದು. ನನಗೆ ಬೀರು ಕಂಡರೆ ಆಗದು, ನಿನಗೆ ಗೊತ್ತು. ಆದರೂ ಒಂದೊಂದು ಗುಟುಕು ಬಾಯಲ್ಲಿ ತಿರುಗಿಸಿ ‘ಒದ್ದೆ ರಟ್ಟು’, ‘ಬಟಾಣಿ ಸಿಪ್ಪೆ ಸುಲಿದ ಕೈ’, ‘ಮೊದಲ ದಿನದ ಶಾಲೆ ಚೀಲ’ ಎಂದು ಹೇಳುತ್ತಿದ್ದೆ. ಅವರು ಬರೆದುಕೊಂಡು ಹೋಗಿ ಅಲ್ಲಿ ತಮ್ಮ ಮಾತೆಂಬಂತೆ ಒಪ್ಪಿಸುತ್ತಿದ್ದರು. ಅಲ್ಲಿನ ಹುಡುಗರು ‘ವಯಸ್ಸಾಗ್ತಾ ಆಗ್ತಾ ಸಾರ್ ಕವಿ ಆಗ್ಬಿಟ್ರು’ ಎನ್ನುತ್ತಾರಂತೆ. ಅದನ್ನು ಹೇಳಿ ನಕ್ಕರು. ನನ್ನ ಓದು ಕೊನೆಗೂ ಒಂದು ಸಂಸಾರಕ್ಕೆ ಉಪಯೋಗವಾಯಿತು ಎಂದು ನಾನೂ ನಕ್ಕೆ.

ಈ ವರ್ಷ ಮಾಲೀಕನಿಗೆ ಹೊಸ ಹುಚ್ಚು. ಗ್ರೀನ್ ಟೀ ಪುಡಿ ಬೆರೆಸಿದ ಹಸಿರು ಬೀರು ಆಗಬೇಕು, ಅದೂ ಈ ಬೇಸಿಗೆಗೇ. ಬ್ರೂವರಿಯಲ್ಲಿ ಪ್ರಯೋಗ ಮಾಡಿದರೆ ಪಕ್ಕದಲ್ಲಿ ನಿಂತವರು ರುಚಿ ಕೇಳುತ್ತಾರಲ್ಲ, ಹಾಗಾಗಿ ನಮ್ಮ ಅಡುಗೆಮನೆಯೇ ಬ್ರೂವರಿ ಆಯಿತು. ಮೊದಲ ದಿನ ಒಣ ಪುಡಿಯನ್ನು ಹಾಗೇ ಬೀರಿಗೆ ಸುರಿದರು. ಲೋಟದಿಂದ ನೊರೆ ಬುಸ್ಸೆಂದು ಎದ್ದು ಗೋಡೆ, ಗಡಿಯಾರ, ನನ್ನ ಕನ್ನಡಕ ಎಲ್ಲ ಹಸಿರು. ಆಮೇಲೆ ದಾರಿ ಸಿಕ್ಕಿತು. ಪುಡಿಯನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಎರಡು ಚಮಚ ಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆರಿಸಿ, ಲೋಟದ ತಳಕ್ಕೆ ಬಿಟ್ಟು, ಮೇಲೆ ತಣ್ಣಗಿನ ಗೋಧಿ ಬೀರನ್ನು ಲೋಟ ಓರೆ ಮಾಡಿ ನಿಧಾನ ಇಳಿಸಬೇಕು. ನೀರು ಕುದಿಯುತ್ತಿದ್ದರೆ ಕಹಿ, ಪುಡಿ ಹೆಚ್ಚಾದರೆ ಕೆರೆಯ ಪಾಚಿ. ಒಂದು ಗ್ರಾಂ, ಒಂದೂವರೆ, ಎರಡು, ಮತ್ತೆ ಒಂದೂಕಾಲು. ಮೂರು ವಾರ ಸಂಜೆಯಾದರೆ ಇದೇ. ಕರಡಿನಲ್ಲಿ ತಪ್ಪು ಹುಡುಕಿ ಮುಗಿಸಿ ಬಂದರೆ ಮನೆಯಲ್ಲೂ ತಪ್ಪು ಹುಡುಕುವ ಕೆಲಸ.

ಕೊನೆಯ ದಿನ ಅವರು ತಂದ ಪುಡಿ ಖಾಲಿಯಾಗಿತ್ತು. ನೀನು ಮೊದಲ ಸಂಬಳದಲ್ಲಿ ಕಳಿಸಿದ ಗ್ರೀನ್ ಟೀ ಪುಡಿಯ ಡಬ್ಬಿ ಅವರಿಗೆ ನೆನಪಾಯಿತು. ನೀನು ಕಳಿಸಿದ್ದನ್ನೆಲ್ಲ ನಾನು ಬಟ್ಟೆಯ ಕಪಾಟಿನಲ್ಲಿ ಸ್ವೆಟರುಗಳ ನಡುವೆ ಇಡುತ್ತೇನೆ, ಅಡುಗೆಮನೆಯಲ್ಲಿಟ್ಟರೆ ಖರ್ಚಾಗಿಬಿಡುತ್ತದೆ ಎಂದು. ಒಮ್ಮೆ ತೆರೆದು ನೋಡಿದ್ದೆ, ಮುಚ್ಚಳ ಮತ್ತೆ ಸರಿಯಾಗಿ ಕೂತಿರಲಿಲ್ಲ. ಸ್ವೆಟರುಗಳ ನಡುವೆ ನುಸಿಗುಳಿಗೆಯೂ ಇತ್ತು. ಅರ್ಧ ವರ್ಷ ಆ ಪುಡಿ ನುಸಿಗುಳಿಗೆಯ ವಾಸನೆ ಕುಡಿದು ಕೂತಿದೆ. ಬಣ್ಣ ಮಾತ್ರ ಎಳೆ ಎಲೆಯಂತೆ, ಚಂದವೋ ಚಂದ. ಅದನ್ನೇ ಬೆರೆಸಿ ನನ್ನ ಮುಂದಿಟ್ಟರು. ನಾನು ‘ಚೆನ್ನಾಗಿದೆ ರೀ, ಇದೇ ಇರಲಿ’ ಎಂದೆ. ಮರುದಿನ ಅದೇ ಪುಡಿ ಒಯ್ದು ಬೆರೆಸಿಕೊಟ್ಟಾಗ ಮಾಲೀಕನೂ ಕೊಳ್ಳಲು ಬಂದಿದ್ದ ಹೋಟೆಲಿನ ಇಬ್ಬರೂ ಒಟ್ಟಿಗೆ ಲೋಟ ಎತ್ತಿದರಂತೆ. ಹೋಟೆಲಿನವರು ಸಿಂಕಿನ ಕಡೆ ಓಡಿದರು. ಮಾಲೀಕ, ‘ಸಾರ್, ನಮ್ಮಜ್ಜಿ ಟ್ರಂಕು ತೊಳೆದ ನೀರು ಕುಡ್ದಂಗಾಯ್ತು’ ಎಂದನಂತೆ. ಇನ್ನೊಂದು ವಾರ ಟೈಮು ಕೊಟ್ಟಿದ್ದಾನೆ.

ನಿಮ್ಮಪ್ಪ ನನ್ನ ಹೆಸರೆತ್ತಲಿಲ್ಲ. ‘ಹಳೇ ಪುಡಿ, ತಪ್ಪು ನನ್ನದೇ’ ಎಂದು ಹೇಳಿ ಬಂದರು. ಮನೆಗೆ ಬಂದವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಸೋಪು, ಕಾಫಿಪುಡಿ, ಸೀಮೆಎಣ್ಣೆ ಬಟ್ಟೆ ಒಂದೊಂದಾಗಿ ಮೂಗಿನ ಮುಂದೆ ಹಿಡಿದರು. ನನಗೆ ಅಳು ಬಂದು ಏನೂ ಹೇಳಲಾಗಲಿಲ್ಲ. ಅದನ್ನೇ ಅವರು ಉತ್ತರ ಎಂದುಕೊಂಡರು. ‘ನನ್ನಿಂದ್ಲೇ ನಿನಗೂ ಅಂಟ್ಕೊಂಡಿದೆ ಕಣೇ, ನನ್ನ ಜ್ವರ ನೋಡ್ಕೊಂಡವಳು ನೀನೇ ತಾನೇ’ ಎಂದು ತಲೆ ಸವರಿದರು. ಗುರುವಾರ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರಂತೆ. ನಾಳೆ ಕೆಲಸ ಬಿಡುವ ಕಾಗದ ಕೊಡುತ್ತಾರಂತೆ. ‘ಇರೋ ಒಂದು ಮೂಗೂ ಹೋದ್ಮೇಲೆ ಇನ್ನೇನು ಬೀರು’ ಎಂದರು. ಆ ದಿನದಿಂದ ಮೇಜಿನ ಮೇಲೆ ಲೋಟ ಬಂದಿಲ್ಲ. ಸಂಜೆ ಅವರೇ ಅನ್ನಕ್ಕಿಟ್ಟು, ನನ್ನನ್ನು ಮಲಗು ಎನ್ನುತ್ತಾರೆ. ನಾನು ಮಲಗುತ್ತೇನೆ. ಎಷ್ಟೋ ತಿಂಗಳ ಮೇಲೆ ಸಂಜೆ ಹೊತ್ತು ಕಣ್ಣು ಮುಚ್ಚಿ ಮಲಗಿದ್ದು.

ಇದೆಲ್ಲ ಓದಿ ಗಾಬರಿಯಾಗಿ ಹೊರಟು ಬರಬೇಡ, ನಿನ್ನ ರಜೆ ಉಳಿಸಿಕೋ. ಅಲ್ಲಿನ ಚಳಿಗೆ ಕಿವಿ ಮುಚ್ಚಿಕೋ. ನೀನು ಹಿಡಿದ ಕೆಲಸ ಯಾವುದೂ ನಿನ್ನನ್ನು ಇಷ್ಟು ಸೋಲಿಸದಿರಲಿ ಎಂದು ಹರಸುತ್ತೇನೆ.

ನಿನ್ನ,
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಹೇಳಿಬಿಡುತ್ತೇನೆ. ನನ್ನ ಮೂಗಿಗೆ ಏನೂ ಆಗಿಲ್ಲ. ಆ ಸಂಜೆ ನಾನು ಕುಡಿಯಲೇ ಇಲ್ಲ, ಗುಬ್ಬೀ. ಲೋಟವನ್ನು ತುಟಿಗೆ ಮುಟ್ಟಿಸಿದಂತೆ ಮಾಡಿ, ಉಸಿರು ಬಿಗಿಹಿಡಿದು, ಚೆನ್ನಾಗಿದೆ ಎಂದುಬಿಟ್ಟೆ. ಅಷ್ಟು ಸಾಕಾಗಿತ್ತು. ಈಗ ನಿಜ ಹೇಳಿದರೆ ಅವರ ಕೆಲಸ ಉಳಿಯುತ್ತದೆ, ಸಂಜೆಗೆ ಲೋಟವೂ ವಾಪಸ್ ಬರುತ್ತದೆ. ಹೇಳದಿದ್ದರೆ ಮಲಗಬಹುದು. ನಾಳೆಯವರೆಗೆ ಸಮಯವಿದೆ ಎಂದು ಬೆಳಿಗ್ಗೆಯಿಂದ ಮುಂದೂಡುತ್ತಾ ಕೂತಿದ್ದೆ. ಇಷ್ಟು ಬರೆಯುವಾಗ ಬಾಗಿಲು ಬಡಿದ ಸದ್ದಾಯಿತು, ಮೇಲಿನ ಮನೆಯ ಟೈಲರ್ ಅಜ್ಜಿ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅವರು ಹೇಳಿದ್ದು ಇಷ್ಟು: ‘ನಿಮ್ಮೆಜಮಾನ್ರು ಬೆಳಿಗ್ಗೆ ಮೇಲೆ ಬಂದಿದ್ರಮ್ಮಾ. ಅವರಿಗೆ ಎರಡು ವರ್ಷದಿಂದ ವಾಸನೆ ತಿಳಿಯಲ್ವಂತೆ, ಈಗ ನಿಮಗೂ ಹಾಗೇ ಆಗಿದೆಯಂತೆ. ಅವಳೊಬ್ಬಳೇ ಇರೋವಾಗ ಗ್ಯಾಸ್ ಸೋರಿದ್ರೆ ಏನು ಗತಿ, ದಿನಾ ಎರಡು ಸಲ ಬಂದು ಅಡುಗೆಮನೆ ಮೂಸಿ ನೋಡಿ ಹೋಗ್ತೀರಾ ಅಂತ ಕೈ ಹಿಡ್ಕೊಂಡು ಕೇಳ್ಕೊಂಡ್ರು. ಅದಕ್ಕೇ ಬಂದೆ. ಸ್ವಲ್ಪ ಪಕ್ಕಕ್ಕೆ ಸರೀರಿ.’